ಅಮಾವಾಸ್ಯೆ ದಿನದ ಮಗ್ಗದ ಸದ್ದು

"ಇದು ಒಂದು ಕಂಪ್ಯೂಟರ್ ಅಲ್ಲಕ್ಕ, ಎರಡು," ಎಂದ ಮಾರುತೇಶ.

ಅವನ ಮೇಜಿನ ಮೇಲೆ ಇದ್ದದ್ದು ಒಂದೇ. ಅದಕ್ಕೆ ಸಿಕ್ಕಿಸಿದ ಹಾರ್ಡ್ ಡಿಸ್ಕ್ ಒಂದು, ನನ್ನ ಅಂಗೈಯಷ್ಟು. ಮೂವತ್ತನಾಲ್ಕು ವರ್ಷ ಖಾಕಿ ಹಾಕಿ, ಎಎಸ್‌ಐ ಆಗಿ ನಿವೃತ್ತಿಯಾಗಿ ಮನೆಗೆ ಬಂದವಳು ನಾನು. ಒಗಟು ಹಾಕಿ ಮಾತಾಡುವವರನ್ನು ಕಂಡರೆ ನನಗೆ ಈಗಲೂ ಕೈ ತುರಿಸುತ್ತದೆ.

"ಬಿಡಿಸಿ ಹೇಳೋ. ಹನ್ನೊಂದಾಯ್ತು ಟೈಮು."

ನಮಗಿದ್ದದ್ದು ಸಂಜೆ ಐದರವರೆಗೆ. ಮೊಳಕಾಲ್ಮುರಿನ ನೇಕಾರ ಯರ್ರಪ್ಪನ ಒಬ್ಬಳೇ ಮಗಳು ರಶ್ಮಿತಾ ಕಾಣೆಯಾಗಿದ್ದಳು. ಅವಳನ್ನು ಕೊನೆಗೆ ಬೈಕಿನಲ್ಲಿ ಕರೆದುಕೊಂಡು ಹೋದವನು, ಅದೇ ಮನೆಯಲ್ಲಿ ಮಗ್ಗ ನೇಯುತ್ತಿದ್ದ ಅಂಜಿನೇಯ, ನಿನ್ನೆ ಸಂಜೆ ಐದಕ್ಕೆ ಪೊಲೀಸರ ಕೈಗೆ ಸಿಕ್ಕಿದ್ದ. ಇವತ್ತು ಐದರೊಳಗೆ ಅವನನ್ನು ಬಿಡಬೇಕು, ಇಲ್ಲವೇ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು.

ಅವನ ಅವ್ವ ಉಚ್ಚಂಗೆಮ್ಮ ನನ್ನ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಳು. ನನ್ನ ವಾರಗೆಯವಳು, ಆದರೆ ಮೈಕಟ್ಟು ಹುಡುಗಿಯದು. ಬೆಳಗ್ಗೆ ಆರಕ್ಕೇ ನನ್ನ ಮನೆ ಬಾಗಿಲಿಗೆ ಬಂದು, "ನನ್ನ ಮಗನ್ನ ಬಿಡಿಸಿಕೊಡಿ ಅಕ್ಕ," ಎಂದದ್ದು ಬಿಟ್ಟರೆ ಹೆಚ್ಚು ಮಾತಾಡಿರಲಿಲ್ಲ. ನೂಲು ಸುತ್ತುವ ಅಭ್ಯಾಸ ಹೋಗದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಮಾರುತೇಶ ಸೊಂಟದ ಬೆಲ್ಟು ಸರಿಮಾಡಿಕೊಂಡ. ನಲವತ್ತೈದಕ್ಕೇ ಅವನ ಬೆನ್ನು ಹೋಗಿದೆ. ಚಳ್ಳಕೆರೆಯಲ್ಲಿ ಕೆಟ್ಟ ಕಂಪ್ಯೂಟರ್ ಅಂದರೆ ಜನ ಅವನ ಹತ್ತಿರವೇ ಹೊತ್ತು ತರುತ್ತಾರೆ.

"ಯರ್ರಪ್ಪನ ಮನೆ ಕಂಪ್ಯೂಟರ್ ಹಳೇದಕ್ಕ. ಸೀರೆ ಡಿಸೈನ್ ಮಾಡೋ ಸಾಫ್ಟ್‌ವೇರು ಅದ್ರಾಗೆ ಬಿಟ್ರೆ ಬೇರೆಲ್ಲೂ ಓಡಲ್ಲ. ಅದನ್ನ ಅಳಿಸಂಗಿಲ್ಲ. ಆದ್ರೆ ಆ ಹುಡುಗಿಗೆ ಮನೆಗೇ ಒಂದು ಸರ್ವರ್ ಬೇಕಿತ್ತು. ಡಿಸೈನು, ಫೋಟೋ, ಬಾಗಿಲ ಕ್ಯಾಮೆರಾ, ಎಲ್ಲ ಒಂದೇ ಕಡೆ ಇಡೋಕೆ. ಅದಕ್ಕೆ ಆ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಕಟ್ಟಿದಾಳೆ. ವರ್ಚುವಲ್ ಮೆಷಿನ್ ಅಂತಾರೆ. ಸರ್ವರ್ ಓಡ್ತಿದ್ದದ್ದು ಅದ್ರಾಗೆ."

"ಕಂಪ್ಯೂಟರ್ ಒಳಗೆ ಕಂಪ್ಯೂಟರು ಹೆಂಗೆ ಹಿಡಿಸ್ತೈತೆ?"

"ದೊಡ್ಡ ಮನೆ ಒಳಗೆ ಕಿಟಕಿ ಇಲ್ಲದ ಒಂದು ಕೋಣೆ ಅಂದ್ಕಳಿ. ಆ ಕೋಣೆಯಾಗೆ ಒಬ್ಬ ಕೂತು ಕೆಲಸ ಮಾಡ್ತಾನೆ. ತಾನಿರೋದೇ ಇಡೀ ಮನೆ ಅಂತ ಅವನ ಲೆಕ್ಕ. ಹೊರಗೆ ಏನಾಗ್ತೈತೆ, ಯಾರು ಬಂದ್ರು ಯಾರು ಹೋದ್ರು, ಅವನಿಗೆ ತಿಳಿಯಲ್ಲ. ಆ ಕೋಣೆ ಪೂರ್ತಿ ಒಂದು ಫೋಲ್ಡರು. ಪೊಲೀಸ್ನೋರು ಅದನ್ನೇ ಎತ್ಕೊಂಡು ಬಂದಿದಾರೆ, ನಾನಿಲ್ಲಿ ತೆರೆದಿದೀನಿ."

ಡಿಸ್ಕನ್ನು ಅವನಿಗೆ ಕಳಿಸಿದ್ದು ಎಸ್‌ಐ ರಾಘವೇಂದ್ರನೇ. ಇಲಾಖೆಯ ತಜ್ಞರು ನೋಡಲು ಎರಡು ದಿನ ಬೇಕು, ಅಷ್ಟರೊಳಗೆ ಮಾರುತೇಶ ಒಂದು ಸಲ ನೋಡಲಿ ಎಂದಿದ್ದ. ಒಳ್ಳೆಯ ಹುಡುಗ, ಕೆಲಸ ನನ್ನ ಕೈಕೆಳಗೆ ಕಲಿತವನು.

"ವಿಡಿಯೋ ಇದು, ನೋಡ್ತಿರಿ. ಒಳಗಿಂದ ಒಂದು ಕೇಬಲ್ ತರ್ತೀನಿ," ಎಂದು ಮಾರುತೇಶ ಎದ್ದು ಹಿಂದಿನ ಗೋಡೌನಿಗೆ ಹೋದ.

ಅಂಗಡಿಯ ಗೋಡೆಗೆ ಅಂಟಿಕೊಂಡೇ ಶೇಂಗಾ ಎಣ್ಣೆ ಮಿಲ್ಲು. ಅದು ಓಡುತ್ತಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕಿವಿಗೆ ಬಾಯಿಡಬೇಕು. ನನಗೆ ಹೇಗೂ ಎಡಗಿವಿ ಮಂದ, ಫೈರಿಂಗ್ ಅಭ್ಯಾಸದ ಕೃಪೆ. ನಾವಿಬ್ಬರು ಹೆಂಗಸರು ಪರದೆಯ ಹತ್ತಿರ ಬಗ್ಗಿ ಕೂತೆವು.

ನಲವತ್ತು ಸೆಕೆಂಡಿನ ವಿಡಿಯೋ. ಮೂಲೆಯಲ್ಲಿ ಬರೆದಿತ್ತು: ಗುರುವಾರ, ಬೆಳಗ್ಗೆ 11:20. ಗುರುವಾರ ಅಮಾವಾಸ್ಯೆ.

ಯರ್ರಪ್ಪನ ಮನೆಯ ಬಾಗಿಲು ತೆರೆಯುತ್ತದೆ. ಹಸಿರು ರೇಷ್ಮೆ ಸೀರೆ ಉಟ್ಟ ಹೆಣ್ಣು ಹೊರಗೆ ಬರುತ್ತಾಳೆ, ಗೋಪುರದ ಅಂಚಿನ ಸೀರೆ. ಧೂಳಿಗೆ ಬೈಕ್ ಹತ್ತುವವರೆಲ್ಲ ಮಾಡುವಂತೆ ದುಪಟ್ಟಾವನ್ನು ತಲೆಗೂ ಮುಖಕ್ಕೂ ಸುತ್ತಿದ್ದಾಳೆ. ಬೀಗ ಹಾಕಿ, ಕೀಲಿಯನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಡುತ್ತಾಳೆ. ರಸ್ತೆಯಲ್ಲಿ ಬೈಕ್ ನಿಲ್ಲಿಸಿಕೊಂಡ ಅಂಜಿನೇಯನ ಮುಖ ಬಿಸಿಲಿಗೆ ಸ್ಪಷ್ಟವಾಗಿ ಕಾಣುತ್ತದೆ. ಅವಳು ಹಿಂದೆ ಕೂರುತ್ತಾಳೆ, ಬೈಕ್ ಹೋಗುತ್ತದೆ. ಅಷ್ಟೇ.

ಅದರ ಮೇಲೆ ಕೇಸು ನಿಂತಿತ್ತು. ಯರ್ರಪ್ಪ ರೇಷ್ಮೆ ತರಲು ಗುರುವಾರ ನಸುಕಿಗೇ ಹಿಂದೂಪುರಕ್ಕೆ ಹೋದವನು ಬಂದದ್ದು ಭಾನುವಾರ ಸಂಜೆ. ಗುರುವಾರ ಹೊರಟ ಹುಡುಗಿಯನ್ನು ಭಾನುವಾರದವರೆಗೆ ಅಂಜಿನೇಯ ಏನು ಮಾಡಿದ ಎಂಬುದು ಪೊಲೀಸರ ಪ್ರಶ್ನೆ. "ಗುರುವಾರ ಅಲ್ಲ ಸಾರ್, ನಾನು ಕರ್ಕೊಂಡು ಹೋಗಿದ್ದು ಭಾನುವಾರ. ಬಸ್‌ಸ್ಟ್ಯಾಂಡಿಗೆ ಬಿಟ್ಟೆ," ಎಂದು ಅವನು ಹೇಳಿದ್ದನ್ನು ಯಾರೂ ನಂಬಿರಲಿಲ್ಲ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲವಲ್ಲ.

ಮೂರನೆಯ ಸಲ ನೋಡುವಾಗ ಉಚ್ಚಂಗೆಮ್ಮ ನನ್ನ ಬಲಗಿವಿಗೆ ಬಾಯಿ ತಂದಳು.

"ಅಕ್ಕ, ಇದು ಅಮಾಸೆ ದಿನದ್ದಲ್ಲ."

"ದಿನ ಅಲ್ಲೇ ಬರೆದೈತಲ್ಲ."

"ಬರೆದಿರ್ಲಿ. ಒಳಗೆ ಮಗ್ಗ ಆಡ್ತೈತೆ ಕೇಳ್ರಿ. ಟಕ್ಕು, ಟಕ್ಕು. ಅಮಾಸ ನಾಡು ಮಗ್ಗಂ ಎವುರು ನೇಸ್ತಾರು?" ಗಡಿಬಿಡಿಯಲ್ಲಿ ಅವಳ ಬಾಯಿಗೆ ಮನೆಮಾತು ತೆಲುಗು ಬಂದಿತ್ತು. "ಅಮಾಸೆ ದಿನ ಯಾರು ನೇಯ್ತಾರಕ್ಕ? ನಮ್ಮೂರಾಗೆ ಮಗ್ಗದ ಗುಂಡಿಗೆ ಕಾಲೇ ಇಳಿಸಲ್ಲ."

ನನಗೆ ಕೇಳಿಸಲಿಲ್ಲ. ನನ್ನ ಕಿವಿಯ ಮೇಲೆ ನನಗೇ ಸಿಟ್ಟು ಬಂತು. ಪರಶುರಾಂಪುರದ ಕುರಿಯವರ ಮನೆಯಲ್ಲಿ ಹುಟ್ಟಿದ ನನಗೆ ಮಗ್ಗದ ಕಟ್ಟಳೆ ಎಲ್ಲಿ ಗೊತ್ತು? ಆದರೆ ಇಷ್ಟು ಕೇಳಿದ್ದೆ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಒರೆಸಿ, ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು ಕೈ ಮುಗಿದರೆ ಮುಗಿಯಿತು. ಸತ್ತರೂ ಆ ದಿನ ಲಾಳಿ ಮುಟ್ಟುವುದಿಲ್ಲ.

"ಹಂಗಾದ್ರೆ ಬಾಗಿಲಿಗೆ ಬೀಗ ಹಾಕಿದ ಮೇಲೆ ಒಳಗೆ ನೇಯ್ತಿದ್ದೋರು ಯಾರು?" ಎಂದೆ.

ಅವಳ ಬೆರಳು ಸೆರಗಿನಲ್ಲಿ ನಿಂತಿತು.

"ನನಗೇನು ಗೊತ್ತಕ್ಕ. ನಾನು ಬುಧವಾರದಿಂದ ಸಿದ್ದಾಪುರದಾಗೆ ಇದ್ದೆ, ತಂಗಿ ಮೊಮ್ಮಗುಂದು ನಾಮಕರಣ. ಪಕ್ಕದ ಮನೆ ಮಗ್ಗ ಇರಬೋದು."

ಇರಬಹುದು. ಆ ಬೀದಿಯಲ್ಲಿ ಮಗ್ಗ ಇಲ್ಲದ ಮನೆ ಯಾವುದು? ನಾನು ಅಲ್ಲಿಗೇ ಬಿಟ್ಟೆ. ಬಿಡಬಾರದಿತ್ತು.

ಮಾರುತೇಶ ಕೇಬಲ್ ಹಿಡಿದು ಬಂದಾಗ ಕೂಗಿ ಹೇಳಿದೆ, "ಲೇ, ವಿಡಿಯೋ ದಿನ ತಪ್ಪೈತೆ. ಅಮಾಸೆ ದಿನ ಮಗ್ಗ ಆಡಲ್ಲ. ಆ ಗಡಿಯಾರ ನೋಡು."

ಅವನು ಕಣ್ಣು ಕಿರಿದು ಮಾಡಿದ. ಏನೂ ಕೇಳದೆ ಕೂತು ಆ ಫೋಲ್ಡರಿನಲ್ಲಿ ತಡಕಾಡಿದ. ಐದು ನಿಮಿಷಕ್ಕೆ ಅವನ ಬೆನ್ನು ನೆಟ್ಟಗಾಯಿತು.

"ಅಕ್ಕ, ಒಳಗಿನ ಮೆಷಿನ್ನನ್ನ ಯಾವಾಗ ನಿಲ್ಲಿಸಿದ್ರು, ಯಾವಾಗ ಎಬ್ಬಿಸಿದ್ರು ಅಂತ ಹೊರಗಿನ ಮೆಷಿನ್ನು ಬರೆದಿಟ್ಕೊಂಡಿರ್ತೈತೆ, ಹೊರಗಿನ ಗಡಿಯಾರದ ಪ್ರಕಾರ. ಇಲ್ಲೈತೆ ನೋಡ್ರಿ. ಗುರುವಾರ 11:04ಕ್ಕೆ ಇದ್ದ ಸ್ಥಿತೀಲೇ ನಿಲ್ಲಿಸಿ ಇಟ್ಟಿದಾರೆ. ಆರಿಸಿಲ್ಲ, ಮಲಗಿಸಿದಾರೆ. ಮತ್ತೆ ಎಬ್ಬಿಸಿದ್ದು ಭಾನುವಾರ 10:52ಕ್ಕೆ."

"ಮೂರು ದಿನ ಮಲಗಿತ್ತಾ?"

"ಮಲಗಿತ್ತು. ಎದ್ದಾಗ ಅದಕ್ಕೆ ಇನ್ನೂ ಗುರುವಾರ 11:04. ನಡುವೆ ಮೂರು ದಿನ ಹೋಗಿದ್ದು ಗೊತ್ತೇ ಇಲ್ಲ. ಡಿಸೈನ್ ಕದೀತಾರೆ ಅಂತ ಇದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ, ಕೊಟ್ಟಿದ್ರೆ ತಾನೇ ಸರಿ ಮಾಡ್ಕೊಳ್ತಿತ್ತು. ಹದಿನಾರು ನಿಮಿಷ ಆದ್ಮೇಲೆ ಬಾಗಿಲ ವಿಡಿಯೋ. ಒಳಗಿನ ಲೆಕ್ಕದಾಗೆ ಗುರುವಾರ 11:20. ನಿಜವಾಗಿ ಭಾನುವಾರ 11:08."

"ಅಮಾಸೆ ದಿನ ಅದನ್ನ ಯಾಕೆ ಮಲಗಿಸಿದ್ರು?"

ಉತ್ತರ ಉಚ್ಚಂಗೆಮ್ಮ ಕೊಟ್ಟಳು. "ಅದೂ ಮಗ್ಗದ ಸಾಮಾನೇ ಅಲ್ವಾ ಅಕ್ಕ? ಮಗ್ಗಕ್ಕೆ ರಜೆ ಅಂದ್ರೆ ಅದಕ್ಕೂ ರಜೆ. ರಶ್ಮಿತಾ ಪ್ರತಿ ಅಮಾಸೆಗೂ ಅದಕ್ಕೆ ಕುಂಕುಮ ಇಟ್ಟು ಮಲಗಿಸ್ತಾಳೆ. ಅಪ್ಪ ಊರಾಗಿರಲಿಲ್ಲ, ಮಾರನೇ ದಿನ ಎಬ್ಬಿಸಿರಕ್ಕಿಲ್ಲ."

ಹೇಳಿ ಮುಗಿಸಿದವಳು ಮುಖ ಮುಚ್ಚಿಕೊಂಡು ಅತ್ತಳು. ಮಗ ಮೊದಲಿಂದ ನಿಜ ಹೇಳಿದ್ದ. ನನಗೂ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಮಾರುತೇಶ ಮಾತ್ರ ಪರದೆ ಬಿಟ್ಟಿರಲಿಲ್ಲ.

"ಇನ್ನೊಂದು ಐತಕ್ಕ. ಭಾನುವಾರ 11:19ಕ್ಕೆ ಒಳಗಿನ ಮೆಷಿನ್ನು ಪೂರ್ತಿ ಆರೈತೆ. ಸರಿಯಾಗಿ, ಗುಂಡಿ ಒತ್ತಿ ಆರಿಸಿದ್ದು. ಆಮೇಲೆ ಹಚ್ಚಿದ್ದು ಸೋಮವಾರ ಪೊಲೀಸ್ನೋರೇ. ಪೂರ್ತಿ ಆರಿಸಿ ಹಚ್ಚಿದ್ರೆ ಗಡಿಯಾರ ಸರಿಯಾಗಿಬಿಡ್ತೈತೆ. ಅದಕ್ಕೇ ಅವರಿಗೆ ಅನುಮಾನ ಬಂದಿಲ್ಲ."

"ಅದಕ್ಕೇನೀಗ?"

"11:08ಕ್ಕೆ ಹುಡುಗಿ ಬೀಗ ಹಾಕ್ಕೊಂಡು ಹೋದ್ಲು. 11:19ಕ್ಕೆ ಮೆಷಿನ್ ಆರಿಸಿದ್ದು ಯಾರು? ಹೊರಗಿಂದ ಆಗಲ್ಲ. ಆ ಕಂಪ್ಯೂಟರ್ ಮುಂದೆ ಕೂತು ಗುಂಡಿ ಒತ್ಬೇಕು."

ಮಿಲ್ಲಿನ ಗದ್ದಲದಲ್ಲೂ ನನಗೆ ಅದು ಸರಿಯಾಗಿ ಕೇಳಿತು. ಬೀಗ 11:08ಕ್ಕೆ. ಗುಂಡಿ 11:19ಕ್ಕೆ. ಬೀಗ ಹಾಕಿದ ಮನೆಯೊಳಗೆ ಯಾರೋ ಇದ್ದರು.

ಉಚ್ಚಂಗೆಮ್ಮನ ಅಳು ನಿಂತಿತ್ತು. ಅವಳು ನೆಲ ನೋಡುತ್ತಿದ್ದಳು.

*

ಮೊಳಕಾಲ್ಮುರಿಗೆ ಹೋಗುವ ದಾರಿಯಲ್ಲೇ ರಾಘವೇಂದ್ರನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಭಾನುವಾರ ಮಧ್ಯಾಹ್ನ ಅಂಜಿನೇಯ ಸಿದ್ದಾಪುರದ ನಾಮಕರಣದಲ್ಲಿದ್ದ, ಅಲ್ಲಿಂದ ಕದಲಿಲ್ಲ ಎಂದು ಉಚ್ಚಂಗೆಮ್ಮ ಹೇಳುತ್ತಾಳೆ, ವಿಚಾರಿಸು ಎಂದೆ. ಮೊಳಕಾಲ್ಮುರಿನಿಂದ ಅಲ್ಲಿಗೆ ಬೈಕಿನಲ್ಲಿ ಮುಕ್ಕಾಲು ಗಂಟೆ. ಹನ್ನೆರಡರ ಒಳಗೆ ಅವನು ಅಲ್ಲಿ ಇಳಿದಿದ್ದರೆ ನಡುವೆ ಯಾರಿಗೂ ಏನೂ ಮಾಡುವಷ್ಟು ಹೊತ್ತು ಅವನಿಗೆ ಇರಲಿಲ್ಲ.

"ನೋಡ್ತೀನಿ ಮೇಡಂ. ಜನ ಹೇಳಿದ್ರೆ ಬಿಡ್ತೀನಿ," ಎಂದ.

ತಳಕು ದಾಟಿದ ಮೇಲೆ ಗಾಳಿ ಎದ್ದಿತು. ಕಾರಿನ ಗಾಜು ಏರಿಸಿದರೂ ಹಲ್ಲಿನಲ್ಲಿ ಮಣ್ಣು. ಕಾರು ಓಡಿಸುತ್ತಿದ್ದವನು ಮಾರುತೇಶ. ಹಿಂದಿನ ಸೀಟಿನಲ್ಲಿ ಉಚ್ಚಂಗೆಮ್ಮ ಕಣ್ಣು ಮುಚ್ಚಿ ಕೂತಿದ್ದಳು, ಮಲಗಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಬ್ಬನೇ, ಯರ್ರಪ್ಪ. ಭಾನುವಾರ ಸಂಜೆ ಬಂದೆ ಎಂದವನು ಬೆಳಗ್ಗೆಯೇ ಬಂದಿದ್ದರೆ? ಒಳಗೆ ಕೂತು ಮಗಳು ಹೋಗುವುದನ್ನು ನೋಡುತ್ತಿದ್ದರೆ? ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಹುಟ್ಟಿದಾಗಿನಿಂದ ಮಗ್ಗದ ಪಕ್ಕದಲ್ಲೇ ಮಲಗಿ ಎದ್ದವನು. ಪೊಲೀಸರು ತೋರಿಸಿದ ವಿಡಿಯೋದಲ್ಲಿ ಮಗ್ಗದ ಸದ್ದು ಕೇಳಿಯೂ, ಇದು ಅಮಾವಾಸ್ಯೆಯಲ್ಲ ಎಂದು ಬಾಯಿ ಬಿಡದೆ ಕೂತವನು. ಅಂಜಿನೇಯ ಜೈಲಿಗೆ ಹೋದರೂ ಹೋಗಲಿ ಎಂದುಕೊಂಡವನು.

ಬೀದಿಯ ತುದಿಗೇ ಅವನ ಮಗ್ಗದ ಸದ್ದು ಕೇಳಿತು. ಮಂದ ಕಿವಿಗೂ ಕೇಳುವಂಥ ಭಾರವಾದ ಪೆಟ್ಟು.

ನಡುಮನೆಯೇ ಮಗ್ಗದ ಮನೆ. ಯರ್ರಪ್ಪ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುತ್ತಿದ್ದ. ಅರವತ್ತರ ಆಳು, ಬನಿಯನ್ನು, ಮೂಗಿನ ತುದಿಗೆ ಕನ್ನಡಕ. ಮೂಲೆಯಲ್ಲಿ ಆ ಹಳೆಯ ಕಂಪ್ಯೂಟರ್. ಅದರ ಹಣೆಯ ಮೇಲೆ ಗುರುವಾರದ ಕುಂಕುಮ ಒಣಗಿ ಕಪ್ಪಾಗಿತ್ತು.

"ಬನ್ನಿ ಮೇಡಮ್ನೋರೆ. ಕೂತ್ಕೊಳ್ರಿ." ಅವನು ಕಾಲು ನಿಲ್ಲಿಸಲಿಲ್ಲ.

ಉಚ್ಚಂಗೆಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಆಮೇಲೆ ಎರಡು ಹೆಜ್ಜೆ ಬಂದು, ಮಗ್ಗದ ಮೇಲಿನ ಸೀರೆಯನ್ನು ಒಂದು ಕಡೆ ಬೆರಳಿನಿಂದ ಸವರಿದಳು. ಅಲ್ಲಿ ಒಂದು ಗೇಣಿನಷ್ಟು ನೇಯ್ಗೆ ಹಗುರ, ಅದರ ಆಚೆ ಈಚೆ ಬಿಗಿ. ನನ್ನ ಕಣ್ಣಿಗೂ ಕಾಣುವಷ್ಟು ಬೇರೆ. ಅವಳು ಬೆಂಕಿ ಮುಟ್ಟಿದವಳಂತೆ ಕೈ ತೆಗೆದು, "ನಾನು ಹೊರಗೆ ಕೂತಿರ್ತೀನಕ್ಕ," ಎಂದು ಜಗಲಿಗೆ ಹೋದಳು.

ನಾನು ಮಗ್ಗದ ಎದುರಿಗೆ ಮಣೆ ಎಳೆದುಕೊಂಡು ಕೂತೆ.

"ಮಗಳು ಕಾಣೆಯಾಗಿದಾಳೆ. ನೀವು ನೇಯ್ತಾ ಕೂತಿದೀರಿ."

"ಸುಮ್ಕೆ ಕೂತ್ರೆ ಹುಚ್ಚು ಹಿಡೀತೈತೆ."

"ವಿಡಿಯೋದಾಗೆ ಮಗಳ ಮುಖ ನೋಡಿದ್ರಾ?"

"ಮುಖ ಯಾಕೆ? ಆ ಸೀರೆ ನಾನೇ ನೇಯ್ದು ಕೊಟ್ಟಿದ್ದು. ನನ್ನ ಕೈಯ ಸೀರೆ ನನಗೆ ತಿಳೀವಲ್ದಾ?" ಲಾಳಿ ಎಡಕ್ಕೆ ಹೋಯಿತು, ಬಲಕ್ಕೆ ಬಂತು.

"ಆ ವಿಡಿಯೋ ಗುರುವಾರದ್ದಲ್ಲ ಯರ್ರಪ್ಪ. ಭಾನುವಾರದ್ದು."

ಅವನ ಕಾಲು ನಿಂತಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಮತ್ತೆ ತುಳಿದ.

"ಭಾನುವಾರನಾ."

ಬೇರೆ ಯಾವ ಅಪ್ಪನಾದರೂ ಹೇಗೆ, ಏನು, ಹಾಗಾದರೆ ಮೂರು ದಿನ ಮನೆಯಲ್ಲೇ ಇದ್ದಳಾ ಎಂದು ಕೇಳುತ್ತಿದ್ದ. ಇವನು ಏನೂ ಕೇಳಲಿಲ್ಲ.

"ನೀವು ಊರಿಗೆ ಬಂದದ್ದು?"

"ಸಂಜೆ ಆರೂವರೆ. ಬಸ್ಸಿನ ಟಿಕೇಟು ಪೊಲೀಸ್ನೋರಿಗೆ ಕೊಟ್ಟೀನಿ, ಕಂಡಕ್ಟ್ರೂ ನಮ್ಮೋನೇ, ಕೇಳ್ರಿ. ಬೀಗ ಹಾಕಿತ್ತು. ಕೀಲಿ ಗೂಡಿನಾಗಿತ್ತು. ತೆಗೆದು ಒಳಗೆ ಬಂದೆ. ಹಿಂದಿನ ಬಾಗಿಲಿಗೆ ಒಳಗಿಂದ ಚಿಲಕ. ಎಲ್ಲ ಹೆಂಗಿತ್ತೋ ಹಂಗೇ ಇತ್ತು."

"ಯಾರೂ ಇರಲಿಲ್ಲ?"

"ಮಗಳೇ ಹೋದ್ಮೇಲೆ ಯಾರಿರ್ತಾರೆ?"

"ಅವತ್ತು ಬೆಳಗ್ಗೆ ಹನ್ನೊಂದೂ ಹತ್ತೊಂಬತ್ತಕ್ಕೆ, ಬೀಗ ಹಾಕಿದ ಈ ಮನೆ ಒಳಗೆ ಕೂತು ಆ ಮೆಷಿನ್ ಆರಿಸಿದ್ದು ಯಾರು?"

"ನನಗೆ ಆ ಪೆಟ್ಟಿಗೆ ಹಚ್ಚಾಕೂ ಬರಲ್ಲ, ಆರಿಸಾಕೂ ಬರಲ್ಲ."

ಅವನು ಶಾಂತವಾಗಿ ಮಾತಾಡಿದಷ್ಟೂ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಕೊನೆಗೆ ಮುಚ್ಚಿಟ್ಟುಕೊಂಡಿದ್ದನ್ನು ಅವನ ಮುಂದೆ ಎಸೆದೆ.

"ವಿಡಿಯೋದಾಗೆ ಮಗ್ಗದ ಸದ್ದು ಕೇಳ್ತಿತ್ತು. ಅಮಾಸೆ ದಿನ ಮಗ್ಗ ಆಡಲ್ಲ ಅಂತ ನಿಮಗೆ ಗೊತ್ತಿಲ್ವಾ? ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಲ್ಲ. ಒಬ್ಬಳ ಮಗ ಜೈಲಿಗೆ ಹೋಗ್ತಿದಾನೆ ಯರ್ರಪ್ಪ."

ಈ ಸಲ ಮಗ್ಗ ಪೂರ್ತಿ ನಿಂತಿತು. ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. ಮೊದಲ ಸಲ ಅವನ ಮುಖದಲ್ಲಿ ನಿಜವಾದದ್ದೊಂದು ಕಂಡಿತು, ಅದು ಆಶ್ಚರ್ಯ.

"ಯಾವ ಸದ್ದು?"

"ಮಗ್ಗದ್ದು."

"ಆ ವಿಡಿಯೋದಾಗೆ ಸದ್ದೇ ಇಲ್ಲವಲ್ಲ ಮೇಡಮ್ನೋರೆ. ಮಗಳು ಹೋಗ್ತಾ ಏನಾದ್ರೂ ಅಂದ್ಲಾ ಅಂತ ಪೊಲೀಸ್ನೋರನ್ನ ನಾನೇ ಕೇಳ್ದೆ. ಸದ್ದು ಬರಲ್ಲ ಅಂದ್ರು."

ನಾನು ಮಾರುತೇಶನ ಕಡೆ ತಿರುಗಿದೆ. ಅವನು ಬಾಗಿಲಿಗೆ ಹೋಗಿ, ಮೇಲಿದ್ದ ಕ್ಯಾಮೆರಾವನ್ನು ಕತ್ತೆತ್ತಿ ನೋಡಿ, ಮೆಲ್ಲಗೆ ಬಂದ.

"ಇದಕ್ಕೆ ಮೈಕೇ ಇಲ್ಲಕ್ಕ. ಬರೀ ಚಿತ್ರ. ನೀವು ದಿನ ತಪ್ಪೈತೆ ಅಂದ್ರಿ, ನಾನು ಗಡಿಯಾರ ನೋಡ್ದೆ. ಸದ್ದು ಐತಾ ಇಲ್ವಾ ಅಂತ ನಾನು ನೋಡ್ಲೇ ಇಲ್ಲ."

ಯರ್ರಪ್ಪ ಕೇಳಿದ, ತೀರಾ ಮೆತ್ತಗೆ:

"ಸದ್ದು ಐತೆ ಅಂತ ಯಾರು ಹೇಳಿದ್ರು?"

ಅವನ ಕಣ್ಣು ಜಗಲಿಯ ಕಡೆ ಹೋಗಿತ್ತು.

"ನನ್ನ ಕಿವಿ ಸರಿಯಿಲ್ಲ," ಎಂದೆ. "ಚಳ್ಳಕೆರೆ ಮಿಲ್ಲಿನ ಸದ್ದನ್ನೇ ಮಗ್ಗ ಅಂದ್ಕೊಂಡೆ ಅಂತ ಕಾಣ್ತೈತೆ."

ಅವನು ನಂಬಿದನೋ ಇಲ್ಲವೋ ಗೊತ್ತಿಲ್ಲ. ಕನ್ನಡಕ ಹಾಕಿಕೊಂಡ. ಮಗ್ಗ ಮತ್ತೆ ಶುರುವಾಯಿತು. ಟಕ್ಕು, ಟಕ್ಕು.

ಅಷ್ಟರಲ್ಲಿ ನನಗೆ ಫೋನ್ ಬಂತು. ಮಾರುತೇಶ ಕಾರಿನ ಕಡೆ ಹೋದ, ನಾನು ಅಂಗಳಕ್ಕೆ ಬಂದು ಬಲಗಿವಿಗೆ ಹಿಡಿದೆ. ರಾಘವೇಂದ್ರ.

"ಅಂಜಿನೇಯನ್ನ ಬಿಟ್ಟೆ ಮೇಡಂ. ಸಿದ್ದಾಪುರದಾಗೆ ಎಂಟು ಜನ ಒಂದೇ ಮಾತು ಹೇಳಿದ್ರು. ಭಾನುವಾರ ಹನ್ನೆರಡಕ್ಕೆ ಹತ್ತು ನಿಮಿಷ ಇದೆ ಅನ್ನೋವಾಗ ಬೈಕ್ ಬಂತು, ಅಮ್ಮ ಮಗ ಇಬ್ರೂ ಇಳಿದ್ರು ಅಂತ. ನೀವು ಸಿಗದಿದ್ರೆ ತಪ್ಪು ಮಾಡಿಬಿಡ್ತಿದ್ದೆ ಮೇಡಂ."

"ಯಾರ್ಯಾರು ಇಳಿದ್ರು ಅಂದೆ?"

"ಅಮ್ಮ, ಮಗ. ಯಾಕೆ ಮೇಡಂ?"

"ಆಮೇಲೆ ಹೇಳ್ತೀನಿ," ಎಂದು ಫೋನ್ ಇಟ್ಟೆ.

ಬುಧವಾರದಿಂದ ಸಿದ್ದಾಪುರದಲ್ಲೇ ಇದ್ದೆ ಎಂದವಳು ಭಾನುವಾರ ಮಧ್ಯಾಹ್ನ ಅಲ್ಲಿ ಬೈಕಿನಿಂದ ಇಳಿದಿದ್ದಳು. ಸದ್ದೇ ಇಲ್ಲದ ಚಿತ್ರದಲ್ಲಿ ಮಗ್ಗದ ಸದ್ದು ಕೇಳಿದ್ದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ಅದು. ಆ ಬಾಗಿಲು ಕಂಡ ಕೂಡಲೇ ಅವಳಿಗೆ ಅವತ್ತಿನ ಸದ್ದು ಕಿವಿಯಲ್ಲಿ ಎದ್ದಿತ್ತು. ಜೀವಮಾನವಿಡೀ ಮಗ್ಗದ ಜೊತೆ ಬಾಳಿದವಳಿಗೆ ಅದು ಚಿತ್ರದಿಂದ ಬಂತೋ ನೆನಪಿನಿಂದ ಬಂತೋ ತಿಳಿಯಲೇ ಇಲ್ಲ.

ಜಗಲಿಯಲ್ಲಿ ಅವಳ ಪಕ್ಕ ಕೂತೆ. ಒಳಗೆ ಮಗ್ಗ ಆಡುತ್ತಿತ್ತು.

"ನಿನ್ನ ಮಗನ್ನ ಬಿಟ್ರಂತೆ ಉಚ್ಚಂಗೆಮ್ಮ."

ಅವಳು ಕೈ ಎತ್ತಿ ಯಾವುದೋ ದೇವರಿಗೆ ಮುಗಿದಳು.

"ಇನ್ನು ನಿಜ ಹೇಳು. ಆ ವಿಡಿಯೋಕ್ಕೆ ಸದ್ದಿಲ್ಲ. ಭಾನುವಾರ ಹನ್ನೊಂದೂ ಎಂಟಕ್ಕೆ ನೀನು ಎಲ್ಲಿದ್ದೆ?"

ಅವಳು ಒಮ್ಮೆ ನಡುಮನೆಯ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಬಲಗಿವಿಗೆ ಬಾಯಿ ತಂದಳು.

"ನೋಡಿದ್ರಲ್ಲ ಅಕ್ಕ. ಬೈಕಿನ ಹಿಂದೆ."

ನಾನು ಅವಳ ಕಡೆ ಪೂರ್ತಿ ತಿರುಗಿದೆ.

"ಹಸಿರು ಸೀರೆ?"

"ರಶ್ಮಿತಾನೇ ಉಡಿಸಿದ್ಲು. ದುಪಟ್ಟಾನೂ ಅವಳೇ ಸುತ್ತಿದ್ಲು. ನನ್ನ ಮಗಂಗೂ ನಂಗೂ ಕೈ ಮೇಲೆ ಕೈ ಹಾಕಿಸಿ ಆಣೆ ಮಾಡಿಸ್ಕೊಂಡ್ಲು, ನಾನು ಬಸ್ಸಿಗೆ ಹೋದೆ ಅಂತಲೇ ಹೇಳ್ಬೇಕು ಅಂತ. ಕ್ಯಾಮೆರಾ ದಿನ ತಪ್ಪಾಗಿ ಬರೀತೈತೆ ಅಂತ ಅವಳಿಗೂ ಗೊತ್ತಿರಲಿಲ್ಲ. ಯಾಕವ್ವ ಹಿಂಗೆಲ್ಲ ಅಂದೆ. ನಾನು ಮನೇಲಿಲ್ಲ ಅಂತ ಅಪ್ಪನಿಗೆ ಅನ್ನಿಸಬೇಕು ಅತ್ತೆ ಅಂದ್ಲು. ನಾನಿಲ್ಲ ಅಂದ್ಕೊಂಡಾಗ ಅವನು ಈ ಮನೇಲಿ ಏನು ಮಾಡ್ತಾನೆ ನೋಡ್ಬೇಕು ಅಂದ್ಲು. ರಾತ್ರಿಗೆ ಹಿತ್ತಲಿಂದ ಬಂದು ನಮ್ಮನೆ ಸೇರ್ತೀನಿ ಅಂದಿದ್ಲು. ಬರಲಿಲ್ಲ ಅಕ್ಕ."

"ನೀನು ಬೀಗ ಹಾಕುವಾಗ ಒಳಗೆ ನೇಯ್ತಿದ್ದದ್ದು..."

"ರಶ್ಮಿತಾನೇ. ಅವಳ ಕೈ ಹಗುರ. ಆ ಗೇಣು ಬಟ್ಟೆ ಈಗ ಮುಟ್ಟಿ ಬಂದೆ."

11:19ಕ್ಕೆ ಗುಂಡಿ ಒತ್ತಿದ್ದೂ ಅವಳೇ. ಹೊರಗೆ ಬೀಗ. ಹಿತ್ತಲ ಬಾಗಿಲಿಗೆ ಒಳಗಿಂದ ಚಿಲಕ. ಅದನ್ನು ಹೇಳಿದವನು ಯರ್ರಪ್ಪನೇ. ಅವನು ಆರೂವರೆಗೆ ಬೀಗ ತೆಗೆದು ಕಾಲಿಟ್ಟಾಗ ಅವನ ಮಗಳು ಈ ಮನೆಯೊಳಗೇ ಇದ್ದಳು. ಅವಳು ಇಲ್ಲಿಂದ ಹೊರಗೆ ಹೋದದ್ದನ್ನು ಈ ಲೋಕದಲ್ಲಿ ಯಾರೂ ನೋಡಿಲ್ಲ.

ನಾನು ಇನ್ನೊಂದು ಮಾತು ಕೇಳಲು ಬಾಯಿ ತೆರೆದೆ. ಉಚ್ಚಂಗೆಮ್ಮ ನನ್ನ ಮೊಣಕೈ ಹಿಡಿದು ಅಲುಗಾಡಿಸಿದಳು. ಅವಳ ಕಣ್ಣು ನನ್ನ ಹೆಗಲಿನ ಆಚೆ, ನಡುಮನೆಯ ಬಾಗಿಲ ಮೇಲಿತ್ತು.

ಆಗ ನನಗೂ ಗೊತ್ತಾಯಿತು. ಮಗ್ಗದ ಸದ್ದು ನಿಂತು ಬಹಳ ಹೊತ್ತಾಗಿತ್ತು.